‘ಆರ್‌ಟಿಇವಾಲೇ’ ಅಂತ ಕರೆಯಬೇಡಿ

ಮಾನ್ಯ ಸಂಪಾದಕರೇ,

ನಮ್ಮನೆ ಕೆಲಸಕ್ಕೆ ಬರುವ ಹೆಂಗಸು ವಿಜಯಪುರದ ಕಡೆಯವಳು. ಅವಳ ಮಗಳು ಇಲ್ಲೇ ಪುಣೆಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಮೂರನೇ ಕ್ಲಾಸು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಲಾಟರಿಯಲ್ಲಿ ಸಿಕ್ಕ ಸೀಟು. ಅರ್ಜಿ ತುಂಬಿಕೊಟ್ಟವಳು ನಾನೇ. ಹೋದ ತಿಂಗಳ ಮೀಟಿಂಗಿಗೆ ತಾಯಿಯ ಬದಲು ನಾನು ಹೋದೆ.

ಸ್ವಲ್ಪ ಬೇಗ ಹೋಗಿ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಪುಸ್ತಕ ಹಂಚುತ್ತಿದ್ದರು. ‘ಆರ್‌ಟಿಇವಾಲೇ, ಉಭೇ ರಾಹಾ’ ಅಂದರು ಟೀಚರ್. ನಾಲ್ಕು ಮಕ್ಕಳು ಎದ್ದು ನಿಂತವು. ನಮ್ಮ ಹುಡುಗಿ ಟೀಚರ್ ಬಾಯಿ ತೆರೆಯುವ ಮೊದಲೇ ಬೆಂಚಿನ ತುದಿಗೆ ಸರಿದಿದ್ದಳು. ಟೀಚರ್ ಗದರಲಿಲ್ಲ, ನಗುತ್ತಲೇ ಹೇಳಿದರು. ನನಗೆ ಜಾಸ್ತಿ ಚುಚ್ಚಿದ್ದು ಅದೇ. ಕೇಳಿದರೆ, ‘ಸುಮ್ನೆ ಲಿಸ್ಟಿಗೆ ಕರೀತೀವಿ ಮೇಡಂ’ ಅಂದರು.

ತಾಯಿಗೆ ಹೇಳಿದೆ. ‘ಇರ್ಲಿ ಬಿಡ್ರಿ ಅಕ್ಕಾರ, ಪುಕ್ಕಟ ಕಲಸಾಕತ್ತಾರ’ ಅಂದಳು.

ಪುಕ್ಕಟೆ ಏನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಇಂಥ ಮಕ್ಕಳಿಗೆ ಇಟ್ಟಿದೆ. ಅದರ ದುಡ್ಡು ಸರಕಾರ ಕೊಡಬೇಕು. ಸರಕಾರ ತಡ ಮಾಡುತ್ತದೆ ಅಂತ ಶಾಲೆಗಳು ಗೊಣಗುತ್ತವೆ. ಇರಬಹುದು. ಆ ಬಾಕಿಯನ್ನು ಎಂಟು ವರ್ಷದ ಹುಡುಗಿಯಿಂದ ವಸೂಲು ಮಾಡೋದಾ? ಇದೇ ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಈ ಮಕ್ಕಳನ್ನು ಕ್ಲಾಸಿನಲ್ಲಿ ಬೇರೆ ಮಾಡಬಾರದು ಅಂತ 2010ರ ಕೇಂದ್ರ ನಿಯಮಗಳಲ್ಲೇ ಇದೆ.

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರಕಾರ, ಸರಕಾರಿ ಅಥವಾ ಅನುದಾನಿತ ಶಾಲೆಯ ಒಂದು ಕಿಲೋಮೀಟರ್ ಒಳಗಿರುವ ಖಾಸಗಿ ಶಾಲೆಗಳಿಗೆ ಈ ಸೀಟುಗಳಿಂದ ವಿನಾಯಿತಿ ಕೊಟ್ಟಿತ್ತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸೀಟು ಉಳಿಯಿತು, ಸಂತೋಷ. ಆದರೆ ಕ್ಲಾಸಿನೊಳಗೆ ಯಾವ ಜಡ್ಜು ಬಂದು ಕೂರುತ್ತಾರೆ?

ಸಂಜೆ ತಾಯಿ ಪಾತ್ರೆ ತಿಕ್ಕುವಾಗ ಹುಡುಗಿ ನನ್ನ ಮೊಮ್ಮಗನ ಜೊತೆ ಟೀಚರ್ ಆಟ ಆಡುತ್ತಾಳೆ. ಮೊನ್ನೆ ಅವಳೇ ಟೀಚರ್. ‘ಆರ್‌ಟಿಇವಾಲೇ, ಉಭೇ ರಾಹಾ’ ಅಂತ ಸ್ಕೇಲು ತಟ್ಟಿದಳು. ಪಾಪ, ಮೊಮ್ಮಗ ಎದ್ದು ನಿಂತ. ‘ಏ, ನೀ ಆರ್‌ಟಿಇ ಅಲ್ಲ, ಕುಂಡ್ರು’ ಅಂದಳು.

ಹೊಸ ಪ್ರವೇಶದ ಹೊತ್ತಿಗೆ ಶಿಕ್ಷಣ ಇಲಾಖೆ ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಕಳಿಸಲಿ. ಆ ಲಿಸ್ಟು ಆಫೀಸಿನ ಕಪಾಟಿನಲ್ಲೇ ಇರಲಿ. ಕ್ಲಾಸಿನಲ್ಲಿ ಕರೆಯೋಕೆ ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿಗೂ ಒಂದು ಹೆಸರಿದೆಯಲ್ಲ.

– ನಿವೃತ್ತ ಬ್ಯಾಂಕ್ ನೌಕರೆ, ವಾರಜೆ, ಪುಣೆ