ಹಾರ್ಡ್ ಕೋರ್ಟಿನಲ್ಲಿ ಜಾರುವ ಮೊದಲು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನ್ನ ಬಲಪಾದದ ಕೀಲು ಉಳುಕಿ ಊದಿಕೊಂಡಿದೆ ಅಂದಳು. ಊರಿನಲ್ಲಿ ಮಣ್ಣಿನ ಕೋರ್ಟಿನಲ್ಲಿ ಟೆನಿಸ್ ಆಡಿ ಬೆಳೆದವಳು ನೀನು. ಅಲ್ಲಿ ಜಾರುವುದು ನಿನಗೆ ನಡೆದಷ್ಟೇ ಸಲೀಸು. ಈಗ ಬೆಂಗಳೂರಿನ ಹಾರ್ಡ್ ಕೋರ್ಟಿನಲ್ಲೂ ಹಾಗೇ ಜಾರುತ್ತಿದ್ದೀಯ, ಅಲ್ವಾ? ಜಾರಲೇಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದು ಫುಟ್‌ವರ್ಕಿನಲ್ಲಿ, ಅಂದರೆ ಕಾಲಿನ ಚಲನೆಯಲ್ಲಿ, ಕೊನೆಗೆ ಕಲಿಯುವ ಪಾಠ. ನೀನು ಅದನ್ನು ಮೊದಲಿಗೆ ತಂದುಕೊಂಡಿದ್ದೀಯ.

ಮೊದಲು ನೆಲದ ವಿಷಯ. ಮಣ್ಣಿನ ಕೋರ್ಟಿನ ಮೇಲೆ ಸಡಿಲವಾದ ಪುಡಿ ಇರುತ್ತದೆ. ಶೂ ಕೆಳಗೆ ಆ ಪುಡಿಯೇ ಉರುಳಿ ಕಾಲನ್ನು ಜಾರಿಸುತ್ತದೆ. ಹಾರ್ಡ್ ಕೋರ್ಟಿನಲ್ಲಿ ಕೆಳಗೆ ಡಾಂಬರು ಅಥವಾ ಕಾಂಕ್ರೀಟು, ಮೇಲೆ ಸಣ್ಣ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣ. ಉಪ್ಪು ಕಾಗದದ ಹಾಗೆ ಅದು ಶೂವನ್ನು ಹಿಡಿದುಕೊಳ್ಳುತ್ತದೆ. ಕಾಲು ಮೈಯ ನೇರ ಕೆಳಗಿದ್ದರೆ ಎಷ್ಟೇ ಓಡಿ ಬಂದರೂ ಅಂಟಿ ನಿಲ್ಲುತ್ತದೆ. ವೇಗವಾಗಿ ಬಂದು, ಕಾಲನ್ನು ಮೈಯಿಂದ ದೂರ ಓರೆಯಾಗಿ ಚಾಚಿದಾಗ ಮಾತ್ರ ಪಕ್ಕಕ್ಕೆ ತಳ್ಳುವ ಬಲ ನೆಲದ ಹಿಡಿತವನ್ನು ಮೀರುತ್ತದೆ. ಆಗ ಶೂ ಜಾರುತ್ತದೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ ನೋಡು. ಹಾರ್ಡ್ ಕೋರ್ಟಿನಲ್ಲಿ ಹೆದರಿ ಹೆದರಿ ಅರ್ಧ ವೇಗದಲ್ಲಿ ಜಾರುವುದೇ ಹೆಚ್ಚು ಅಪಾಯ. ಕಾಲು ಒಂದು ಗೇಣು ಜಾರಿ ಸಿಕ್ಕಿಕೊಳ್ಳುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಪಾದ ಹೊರಅಂಚಿನ ಮೇಲೆ ಮಗುಚುತ್ತದೆ. ನಿನಗೆ ಆಗಿದ್ದೂ ಇದೇ ಇರಬೇಕು. ಜಾರಲೋ ಬೇಡವೋ ಅಂತ ಅನುಮಾನ ಬಂದರೆ ಜಾರಬೇಡ. ಇನ್ನೆರಡು ಸಣ್ಣ ಹೆಜ್ಜೆ ಹಾಕು. ಚೆಂಡು ಹೋದರೆ ಹೋಗಲಿ.

ನಿನಗೆ ಜೊಕೊವಿಚ್ ಇಷ್ಟ, ಗೊತ್ತು. ಎರಡೂ ಕಾಲು ಅಗಲಿಸಿ, ಕೋರ್ಟಿನ ಹಿಂಬದಿ ಗೆರೆಯಾದ ಬೇಸ್‌ಲೈನಿನ ಮೂಲೆಯಿಂದ ಚೆಂಡು ಎತ್ತಿ ಹಾಕುವುದನ್ನು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಆತ ಚಿಕ್ಕಂದಿನಲ್ಲಿ ಸರ್ಬಿಯಾದ ಕೊಪಾವೊನಿಕ್ ಬೆಟ್ಟದಲ್ಲಿ ಹಿಮದ ಮೇಲೆ ಸ್ಕೀ ಮಾಡುತ್ತಾ ಬೆಳೆದ ಹುಡುಗ. ಇಟಲಿಯ ಸಿನ್ನರ್ ಕೂಡ ಬಾಲ್ಯದಲ್ಲಿ ಸ್ಕೀಯಿಂಗ್ ಚಾಂಪಿಯನ್. ಇವರಿಗಿಂತ ಮೊದಲೇ ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್ ಹಾರ್ಡ್ ಕೋರ್ಟಿನಲ್ಲಿ ಕಾಲು ಪೂರ್ತಿ ಅಗಲಿಸಿ ಜಾರುತ್ತಿದ್ದರು. 2005, 2009, 2010ರಲ್ಲಿ ಯುಎಸ್ ಓಪನ್ ಗೆದ್ದವರು. ಅವರ ತಾಯಿ ಜಿಮ್ನಾಸ್ಟ್. ಈ ಮೂವರ ಸೊಂಟ, ತೊಡೆ, ಪಾದಗಳು ಚಿಕ್ಕಂದಿನಿಂದಲೇ ಇದಕ್ಕೆ ಪಳಗಿದ್ದವು. ನಿನಗೆ ಈಗ ಹದಿನಾಲ್ಕು, ಮೂಳೆ ಇನ್ನೂ ಬೆಳೆಯುತ್ತಿದೆ. ಅವರ ಜಾರುವಿಕೆ ನಮಗೆ ಟಿವಿಯಲ್ಲಿ ಕಾಣುತ್ತದೆ, ಅದರ ಹಿಂದಿನ ತಯಾರಿ ಕಾಣುವುದಿಲ್ಲ.

ಇನ್ನು ಫುಟ್‌ವರ್ಕ್. ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ನೀನು ಸಣ್ಣದಾಗಿ ನೆಗೆಯಬೇಕು. ಚೆಂಡು ಯಾವ ಕಡೆ ಬರುತ್ತಿದೆ ಎಂದು ತಿಳಿಯುವ ಗಳಿಗೆಗೆ ಕಾಲು ನೆಲ ಮುಟ್ಟಬೇಕು. ಅದೇ ಸ್ಪ್ಲಿಟ್ ಸ್ಟೆಪ್. ಇದು ತಡವಾದರೆ ಮೊದಲ ಹೆಜ್ಜೆ ತಡ, ಮೊದಲ ಹೆಜ್ಜೆ ತಡವಾದರೆ ಕೊನೆಗೆ ಚಾಚಿ ಜಾರದೆ ಬೇರೆ ದಾರಿಯೇ ಇರುವುದಿಲ್ಲ. ನಿನ್ನ ಎಷ್ಟೋ ಜಾರುವಿಕೆಗಳು ಹೀಗೆ ತಡವಾಗಿದ್ದರ ಫಲ ಅಂತ ನನ್ನ ಅಂದಾಜು. ಮೊದಲು ಉದ್ದನೆಯ ಹೆಜ್ಜೆಯಲ್ಲಿ ಓಡು. ಚೆಂಡಿನ ಹತ್ತಿರ ಬಂದಾಗ ಹೆಜ್ಜೆ ಸಣ್ಣದಾಗಲಿ, ಜಾಸ್ತಿಯಾಗಲಿ. ಫೆಡರರ್ ಹಳೆಯ ಪಂದ್ಯ ಹಾಕಿಕೊಂಡು ಬರೀ ಪಾದಗಳನ್ನು ನೋಡು. ಚೆಂಡಿಗೆ ಮೊದಲು ಎಷ್ಟು ಪುಟ್ಟ ಪುಟ್ಟ ಹೆಜ್ಜೆ! ಕಬ್ಬನ್ ಪಾರ್ಕಿನಲ್ಲಿ ರಾಜ್ಯದ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಕೋರ್ಟುಗಳಲ್ಲಿ ಬೆಂಗಳೂರು ಓಪನ್ ಟೂರ್ನಿ ನಡೆದಾಗ ತಪ್ಪದೆ ಹೋಗು. ಬೇಸ್‌ಲೈನಿಗೆ ಹತ್ತಿರ ಕೂತು ಒಬ್ಬರ ಕಾಲನ್ನೇ ನೋಡುತ್ತಿರು. ಟಿವಿಗಿಂತ ಜಾಸ್ತಿ ಕಲಿಯುತ್ತೀಯ.

ಇಷ್ಟು ಕೂಡಿಬಂದ ಮೇಲೆ ಜಾರುವುದಕ್ಕೆ ಅರ್ಥವಿದೆ. ಚೆಂಡು ಮುಟ್ಟುವುದಷ್ಟೇ ಅದರ ಕೆಲಸ ಅಲ್ಲ. ಹೊಡೆಯುತ್ತಲೇ ಬ್ರೇಕ್ ಹಾಕಿ ಬೇಗ ಮಧ್ಯಕ್ಕೆ ವಾಪಸ್ ಬರುವುದಕ್ಕೆ ಅದು. ಫೋರ್‌ಹ್ಯಾಂಡ್ ಕಡೆ, ಅಂದರೆ ರಾಕೆಟ್ ಹಿಡಿದ ಬಲಗೈ ಕಡೆ, ಬಲಗಾಲು ಜಾರುತ್ತದೆ. ಬೆರಳುಗಳು ಸ್ವಲ್ಪ ಜಾರುವ ದಿಕ್ಕಿಗೆ ತಿರುಗಿರಲಿ. ಪಾದ ಪೂರ್ತಿ ಅಡ್ಡ ಇದ್ದರೆ ಹೊರಅಂಚು ನೆಲ ಕಚ್ಚುತ್ತದೆ. ಭಾರ ಪಾದದ ಒಳಅಂಚಿನ ಕಡೆ ಇರಲಿ. ಮೊಣಕಾಲು ಬಗ್ಗಿರಲಿ, ಸೊಂಟ ಕೆಳಗಿರಲಿ. ಎಡಗಾಲಿನ ಬೆರಳು ಹಿಂದೆ ಎಳೆದುಕೊಂಡು ಬರಲಿ, ಅದೂ ಒಂದು ಬ್ರೇಕು. ಕಾಲು ವಿಪರೀತ ಅಗಲಿಸಿದರೆ ತೊಡೆಸಂದಿಯ ಸ್ನಾಯು ಹಿಡಿದುಕೊಳ್ಳುತ್ತದೆ, ಅದು ಬೇಗ ವಾಸಿಯಾಗುವ ನೋವಲ್ಲ.

ಮಣ್ಣಿನ ಕೋರ್ಟಿನಲ್ಲೂ ಕಾಲು ಸಿಕ್ಕಿಕೊಳ್ಳುತ್ತದೆ, ಮರೆಯಬೇಡ. 2022ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ನಡಾಲ್ ಎದುರು ಝ್ವೆರೆವ್ ಪಾದ ಮಗುಚಿ ಕೀಲಿನ ಲಿಗಮೆಂಟ್ ಹರಿಯಿತು. ವೀಲ್‌ಚೇರಿನಲ್ಲಿ ಹೊರಗೆ ಕರೆದುಕೊಂಡು ಹೋದರು. ಆಸ್ಟ್ರೇಲಿಯನ್ ಓಪನ್‌ನಲ್ಲಿ 2007ರವರೆಗೆ ಇದ್ದ ರೀಬೌಂಡ್ ಏಸ್ ಎಂಬ ಹಾರ್ಡ್ ಕೋರ್ಟ್ ಬಿಸಿಲಿಗೆ ಅಂಟಂಟಾಗುತ್ತದೆ ಅಂತ ಆಟಗಾರರು ದೂರುತ್ತಿದ್ದರು. ನೆಲ ಒಂದೇ ದಿನದಲ್ಲಿ ಬೇರೆ ಬೇರೆ ತರಹ ವರ್ತಿಸುತ್ತದೆ. ಹಾಗಾಗಿ ಆಟಕ್ಕೆ ಮೊದಲು ಕೋರ್ಟನ್ನು ಒಂದು ಸುತ್ತು ನಡೆದು ನೋಡು. ಮಳೆಮರದ ಎಲೆ ಬಿದ್ದಿದ್ದರೆ ಗುಡಿಸು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯ ನಂತರ ಬೇಸ್‌ಲೈನ್ ಹತ್ತಿರ ತೇವ ಉಳಿದಿದ್ದರೆ ಆಡಲೇಬೇಡ. ಯಾರು ಕರೆದರೂ ಅಷ್ಟೇ.

ಓಡುವ ಶೂ ಹಾಕಿಕೊಂಡು ಟೆನಿಸ್ ಆಡಬೇಡ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಆಸರೆ ಕಡಿಮೆ. ಹಾರ್ಡ್ ಕೋರ್ಟಿನ ಶೂ ತಗೋ, ದುಡ್ಡಿನ ಚಿಂತೆ ಬೇಡ, ನಾನು ಕಳಿಸುತ್ತೇನೆ. ಹೊಸ ಶೂವಿನ ಗ್ರಿಪ್ ಜಾಸ್ತಿ. ಅದರಲ್ಲಿ ಮೊದಲ ದಿನಗಳಲ್ಲಿ ಜಾರುವ ಪ್ರಯತ್ನವೇ ಬೇಡ.

ಮೈ ಗಟ್ಟಿ ಮಾಡುವುದನ್ನು ಬೇಸರದ ಕೆಲಸ ಅಂದುಕೊಳ್ಳಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಮೊಣಕಾಲಿನ ಮೃದು ಮೂಳೆ ಸವೆದ ಮೇಲೂ ಅಯ್ಯಂಗಾರ್ ಯೋಗ ಮಾಡಿ ಆಟ ಉಳಿಸಿಕೊಂಡವರು. ನೀನು ದಿನಾ ಒಂಟಿ ಕಾಲಿನಲ್ಲಿ ನಿಲ್ಲುವುದು, ಪಕ್ಕಕ್ಕೆ ಕಾಲು ಚಾಚಿ ಕೂತು ಏಳುವುದು, ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟು ಮಾಡು ಸಾಕು.

ಈ ಭಾನುವಾರ ಪಂದ್ಯ ಇದೆಯಂತೆ. ಶನಿವಾರ ಬೆಳಿಗ್ಗೆ ಬರೀ ಬಲಗಾಲಿನಲ್ಲಿ ನಿಂತು ನೋಡು, ಆಮೇಲೆ ಅದೇ ಕಾಲಿನಲ್ಲಿ ಮೆಲ್ಲಗೆ ಕುಪ್ಪಳಿಸು. ಚೂರು ನೋವಾದರೂ ಆಡಬೇಡ. ನಿಮ್ಮ ಕೋಚ್ ಹತ್ತಿರ ಹೇಳಲು ಸಂಕೋಚವಾದರೆ ನನಗೆ ಫೋನ್ ಮಾಡು, ನಾನೇ ಮಾತಾಡುತ್ತೇನೆ.

ನಿನ್ನ
ಮಾವ