ರಷ್ಯನ್ ಕ್ರಿಯಾಪದಕ್ಕೆ ಸಂಸ್ಕೃತ ತಾಯಿಯಲ್ಲ

ಮಾನ್ಯರೆ,

ಪುರಭವನದ ಭಾಷಣವನ್ನು ಕುರಿತ ಭಾನುವಾರದ ವರದಿಯಲ್ಲಿ, ತಿಳಿದಿರುವುದು ಎಂಬರ್ಥದ ರಷ್ಯನ್ ಕ್ರಿಯಾಪದ ‘ವ್ಯೇದತ್’ ನಮ್ಮ ‘ವೇದ’ದಿಂದಲೇ ಹುಟ್ಟಿತೆಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಸಂಸ್ಕೃತ ಪಾಠ ಹೇಳಿಯೇ ಬದುಕಿದ ನನಗೆ ಇದನ್ನೋದಿ ಹೆಮ್ಮೆಯಾಗಲಿಲ್ಲ, ಸಿಟ್ಟು ಬಂತು.

ಆ ಪದದ ಹಿಂದಿರುವುದು ರಷ್ಯನ್, ಪೋಲಿಷ್, ಚೆಕ್ ಮೊದಲಾದವುಗಳ ತಾಯಿಯಾದ ಮೂಲ ಸ್ಲಾವಿಕ್ ಭಾಷೆಯ *ವೇದೇತಿ. ಅದು ಯಾವ ಬರಹದಲ್ಲೂ ಉಳಿದಿಲ್ಲ. ರಷ್ಯನ್, ಪೋಲಿಷ್, ಚೆಕ್ ರೂಪಗಳನ್ನೂ, 9ನೆಯ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಧರ್ಮಗ್ರಂಥಗಳ ಅನುವಾದಕ್ಕೆ ಬಳಸಿದ ಹಳೆಯ ಚರ್ಚ್ ಸ್ಲಾವಿಕ್ ರೂಪಗಳನ್ನೂ ಹೋಲಿಸಿ ವಿದ್ವಾಂಸರು ಅದನ್ನು ಪುನಾರಚಿಸಿದ್ದಾರೆ, ಆದ್ದರಿಂದಲೇ ಅದರ ಮುಂದೆ ನಕ್ಷತ್ರಚಿಹ್ನೆ. ಚರ್ಚ್ ಸ್ಲಾವಿಕ್‌ನಲ್ಲಿ ‘ಬಲ್ಲೆ’ ಎನ್ನಲು ‘ವೇದೇ’ ಎಂಬ ರೂಪವೊಂದಿದೆ. ಸಂಸ್ಕೃತದ ‘ಅಹಂ ವೇದ’, ಗ್ರೀಕಿನ ‘ಒಯ್ದ’ಗಳಂತೆ ಅದೂ ‘ಕಂಡಿದ್ದೇನೆ, ಆದ್ದರಿಂದ ಬಲ್ಲೆ’ ಎಂಬ ಪ್ರಾಚೀನ ಇಂಡೋ-ಯುರೋಪಿಯನ್ (ಈ ಮೂರೂ ಸೇರಿದ ಭಾಷಾಕುಟುಂಬದ ಮೂಲ ಭಾಷೆಯ) ರೂಪದ ಉಳಿಕೆ. ಗ್ರೀಕ್ ಕಾಪಾಡಿಕೊಂಡ ‘ಒಯ್’ ಸಂಸ್ಕೃತದಲ್ಲಿ ‘ಏ’ ಆಯಿತು. ಸ್ಲಾವಿಕ್‌ನಲ್ಲಿ ಬೇರೆಯೇ ದಾರಿಯಲ್ಲಿ ಆ ‘ಏ’ಗೆ ಹತ್ತಿರದ ಸ್ವರವಾಯಿತು.

ಸಂಸ್ಕೃತವೇ ತಾಯಿಯಾಗಿದ್ದರೆ, ‘ಹೊರುತ್ತಾನೆ’ ಎಂಬರ್ಥದ ‘ಭರತಿ’ಯಲ್ಲಿ ‘ಅ’ ಆಗಿಹೋದ ಸ್ವರ ಅದೇ ಧಾತುವಿನ ಸ್ಲಾವಿಕ್ ರೂಪ ‘ಬೆರ್’ನಲ್ಲಿ, ಗ್ರೀಕಿನ ‘ಫೆರ್’ನಲ್ಲಿದ್ದಂತೆಯೇ, ‘ಎ’ ಆಗಿ ಉಳಿದದ್ದು ಹೇಗೆ? ಇವಕ್ಕೆಲ್ಲ ಈಗ ಇಲ್ಲದಿರಬಹುದಾದ ಮೂಲವೊಂದಿರಬೇಕೆಂದು ಸಂಸ್ಕೃತ ಕಲಿತ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದರು. ತಮಿಳಿನ ‘ಪಾಲ್’ ತೋರಿಸಿ ನಮ್ಮ ‘ಹಾಲು’ ಅದರಿಂದ ಹುಟ್ಟಿತೆಂದರೆ ಕೆರಳುವ ನಾವು, ಇನ್ನೊಬ್ಬರ ಭಾಷೆಗೆ ಅದೇ ಅನ್ಯಾಯ ಮಾಡಬಹುದೇ?

ವರದಿ ಬಂದಂದಿನಿಂದ ಹಳೆಯ ಶಿಷ್ಯರು ಫೋನ್ ಮಾಡಿ ‘ನೋಡಿದಿರಾ ಸಾರ್’ ಎನ್ನುತ್ತಿದ್ದಾರೆ. ವಿವರಿಸಿ ಗಂಟಲು ಕಟ್ಟಿದೆ. ವ್ಯುತ್ಪತ್ತಿ ಕೋಶ ತೋರಿಸೋಣವೆಂದು ಬಿಸಿಲಿನಲ್ಲಿ ಬಡಾವಣೆಯ ಗ್ರಂಥಾಲಯಕ್ಕೆ ಹೋದರೆ ಪರಾಮರ್ಶನ ಗ್ರಂಥಗಳ ಬೀರುವಿಗೆ ಬೀಗ, ಬೀಗದ ಕೈ ಇರುವವರು ರಜೆಯಲ್ಲಿ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತಪ್ಪದೆ ವಸೂಲು ಮಾಡುವವರಿಗೆ ಬೀರು ತೆಗೆಯಲು ಮಾತ್ರ ಆಳಿಲ್ಲ. ಹಿಂದೆ ಅಲ್ಲಿ ಮಳೆಗೆ ನಿಘಂಟುಗಳು ನೆನೆದು ಹಾಳಾದಾಗ ಕೊಟ್ಟ ಮನವಿಗೆ ಇಂದಿಗೂ ಉತ್ತರವಿಲ್ಲ. ಇಂಥ ಸ್ಥಿತಿಯಲ್ಲಿ, ಭಾಷಣಕ್ಕೆ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ‘ವೇದ’ದಿಂದ ‘ವ್ಯೇದತ್’ ಹುಟ್ಟಿದ ಸಂಗತಿ ಪಠ್ಯಪುಸ್ತಕಕ್ಕೆ ಸೇರಬೇಕೆಂದು ಅಪ್ಪಣೆ ಕೊಡಿಸಿದ್ದಾರೆ!

ಪತ್ರಿಕೆ ಕೂಡಲೇ ತಿದ್ದುಪಡಿ ಪ್ರಕಟಿಸಲಿ, ಸಂಬಂಧಪಟ್ಟವರು ಆ ಬೀರುವಿನ ಬೀಗ ತೆಗೆಸಲಿ. ಗೊತ್ತಿಲ್ಲದ ವಿಷಯದಲ್ಲಿ ವೇದಿಕೆ ಹತ್ತುವವರಿಗೂ, ಅವರಾಡಿದ್ದನ್ನು ವಿಚಾರಿಸದೆ ಅಚ್ಚು ಹಾಕುವವರಿಗೂ ಸ್ವಲ್ಪವಾದರೂ ನಾಚಿಕೆ ಇರಬೇಕು.

– ನಿವೃತ್ತ ಸಂಸ್ಕೃತ ಅಧ್ಯಾಪಕ, ಮೈಸೂರು