ಮೊದಲ ಕೀಬೋರ್ಡ್ ಕೊಡಿಸುವ ಮುನ್ನ

ಸಂಪಾದಕರೇ,

ಸಂಗೀತ ಕಲಿಯಲು ಮಕ್ಕಳಿಗೆ ಮೊದಲ ಕೀಬೋರ್ಡ್ ಕೊಡಿಸುವಾಗ ಎಷ್ಟೋ ಜನ ಅದರಲ್ಲಿ ನೂರಾರು ಸೌಂಡ್ ಇದೆ ಅಂತ ಮರುಳಾಗುತ್ತಾರೆ. ಮೊದಲು ನೋಡಬೇಕಾದ್ದು ಕೀಗಳನ್ನು ಅಲ್ವಾ? ಪಿಯಾನೋದಲ್ಲಿ 88 ಇದ್ದರೂ ಕಲಿಯುವವರಿಗೆ ಪೂರ್ಣ ಅಳತೆಯ 61 ಕೀ ಸಾಕು, ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ ಟಚ್ ಸೆನ್ಸಿಟಿವ್ ಕೀಗಳೇ ಬೇಕು. ನನ್ನ ಮಗಳು ಅದಿಲ್ಲದ ಕೀಬೋರ್ಡಿನಲ್ಲಿ ಎರಡು ವರ್ಷ ಕಲಿತು, ಆಮೇಲೆ ಪಿಯಾನೋ ಮುಂದೆ ಕೂತಾಗ ತುಂಬಾ ಒದ್ದಾಡಿದಳು. ನೋಡಿ ಸಂಕಟವಾಯಿತು.

ಕೀ ಬಿಟ್ಟ ಮೇಲೂ ನಾದ ಉಳಿಸುವ, ಕಾಲಲ್ಲಿ ಒತ್ತುವ ಸಸ್ಟೇನ್ ಪೆಡಲ್ ಸಿಕ್ಕಿಸಲು ಜಾಗ ಇದೆಯಾ ನೋಡಿ. ಸ್ಟ್ಯಾಂಡ್ ಮೊಣಕೈ ಎತ್ತರಕ್ಕಿರಲಿ. ಕಾರ್ಯಕ್ರಮಕ್ಕೆ ಗಿಟಾರ್ ಆಂಪ್ (ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಬೇಡ, ಅದರಲ್ಲಿ ಕೀಬೋರ್ಡಿನ ನಾದ ಮಂಕಾಗುತ್ತದೆ. ಕೀಬೋರ್ಡ್ ಆಂಪ್ ತನ್ನಿ. ಮೊದಲು ಕೀಬೋರ್ಡ್ ಆನ್ ಮಾಡಿ, ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು, ಇಲ್ಲದಿದ್ದರೆ ಸ್ಪೀಕರ್‌ಗೆ ಪೆಟ್ಟು.

– ಒಬ್ಬ ಓದುಗ